ಕಲಗಚ್ಚಿನ ಬಾನಿ

ಚನ್ನಗಿರಿ ಇನ್ನೂ ಎರಡು ಮೈಲಿ ಇರುವಾಗಲೇ ಆ ವಾಸನೆ ಬಸ್ಸಿನೊಳಗೆ ಬಂತು. ರಸ್ತೆಯ ಪಕ್ಕದಲ್ಲಿ ಸುರಿದಿದ್ದ ಅಡಿಕೆ ಸಿಪ್ಪೆಯ ರಾಶಿಗೆ ಯಾರೋ ಬೆಂಕಿ ಹಚ್ಚಿದ್ದರು. ಈ ಸಿಪ್ಪೆ ಧಗಧಗನೆ ಉರಿದು ಮುಗಿಯುವುದಿಲ್ಲ. ಮೇಲೆ ತಣ್ಣಗಿದ್ದು ಒಳಗೊಳಗೇ ಬೇಯುತ್ತ ವಾರಗಟ್ಟಲೆ ಹೊಗೆಯಾಡುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, "ಇವ್ರ ಮನೆ ಹಾಳಾಗ, ದಾರ್ಯಾಗೆ ಹೋಗೋರು ಉಸ್ರಾಡಬಾರ್ದೇನು?" ಎಂದು ಬೈದಳು. "ಕಿಟಕಿ ಎಳೀರಿ" ಎಂದು ನನಗೂ ಹೇಳಿದಳು. ಎಳೆದೆ. ಅಷ್ಟರಲ್ಲಿ ಹೊಗೆ ಒಳಗೆ ಬಂದಾಗಿತ್ತು. ಏಳು ವರ್ಷದ ಹಿಂದಿನ ಒಂದು ವರ್ಷವೂ ಅದರ ಜೊತೆಗೇ ಬಂದು ಕೂತಿತು.

ನಾನು ಹೊರಟಿದ್ದು ಜಗಳೂರಿನ ಕಡೆಗೆ, ಒಂದು ಫೋಟೊ ತೆಗೆಯಲು. ನಾನು ಪಾಠ ಹೇಳುವ ಕಾಲೇಜಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದ ಸಂಶೋಧನೆಗಳ ಬಗ್ಗೆ ಪುಸ್ತಿಕೆ ತರುತ್ತಿದ್ದಾರೆ. 'ಸುಸ್ಥಿರ ಭವಿಷ್ಯಕ್ಕಾಗಿ' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಇರುತ್ತದಂತೆ. ನನ್ನ ಪಿಎಚ್‌ಡಿ ಕೆಲಸ ಅದರಲ್ಲಿ ಮೊದಲನೆಯ ಯಶೋಗಾಥೆ. "ಫಲಾನುಭವಿ ಹೆಣ್ಣುಮಕ್ಕಳ ಜೊತೆ ನೀವು ನಿಂತಿರೋ ಫೋಟೊ ಬೇಕು ಮೇಡಂ, ಎಲ್ಲರೂ ನಗ್ತಾ ಇರಬೇಕು" ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು. ಪರೀಕ್ಷೆಯ ಕೆಲಸ ಅಂತ ಒಮ್ಮೆ, ಸೊಂಟನೋವು ಅಂತ ಒಮ್ಮೆ ತಪ್ಪಿಸಿಕೊಂಡೆ. ಮೂರನೆಯ ಸಲ ನೆಪ ಹೊಳೆಯಲಿಲ್ಲ.

ನಾನು ಸಾಸ್ವೆಹಳ್ಳಿಯವಳು. ಹೊಳೆ ನೋಡಿಕೊಂಡೇ ಬೆಳೆದವಳು. ನಮ್ಮ ಮನೆಯಲ್ಲಿ ಯಾರಾದರೂ ಬಂದು ಅರ್ಧ ಲೋಟ ನೀರು ಕುಡಿದಿಟ್ಟರೆ ಅಮ್ಮ ಅದನ್ನು ಕಿಟಕಿಯಿಂದ ಹೊರಗೆ ಎರಚುತ್ತಿದ್ದಳು. ಬೆಳಿಗ್ಗೆ ಅಂಗಳಕ್ಕೆ ಎರಡು ಕೊಡ, ಸಂಜೆ ಮತ್ತೆರಡು ಕೊಡ. ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆ ಕಂಡರೂ ಬಾವಿಯಲ್ಲಿ ನೀರಿರುತ್ತಿತ್ತು. ನೀರನ್ನು ಚೆಲ್ಲುವುದಕ್ಕೆ ಧೈರ್ಯ ಬೇಕಾಗುತ್ತದೆ ಎಂಬ ವಿಷಯ ಇಪ್ಪತ್ತಾರು ವರ್ಷದವರೆಗೆ ನನ್ನ ತಲೆಗೆ ಬಂದಿರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ.

ಸಂಶೋಧನೆಯ ವಿಚಾರ ಕೇಳಿದರೆ ಯಾರಿಗಾದರೂ ಖುಷಿಯಾಗುವಂಥದ್ದೇ. ಒಂದು ಕಡೆ ಚನ್ನಗಿರಿಯಲ್ಲಿ ಅಡಿಕೆ ಸುಲಿದು ರಸ್ತೆಗೆ ಸುರಿಯುವ ಸಿಪ್ಪೆ, ಯಾರಿಗೂ ಬೇಡದ್ದು. ಇನ್ನೊಂದು ಕಡೆ ಜಗಳೂರು ಸೀಮೆಯ ಕೊಳವೆಬಾವಿಯ ನೀರು, ಅದರಲ್ಲಿ ಫ್ಲೋರೈಡು. ಆ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ದೊಡ್ಡವರ ಮೊಣಕಾಲು ಬಾಗುತ್ತದೆ, ಬೆನ್ನು ಗೂನಾಗುತ್ತದೆ. ಸಿಪ್ಪೆಯನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಸುಟ್ಟು ಇದ್ದಿಲು ಮಾಡಿ, ಕ್ಷೌರದಂಗಡಿಯಲ್ಲಿ ಇರುತ್ತದಲ್ಲ, ಆ ಸ್ಫಟಿಕ ಕರಗಿಸಿದ ನೀರಿನಲ್ಲಿ ನೆನೆಸಿ ಒಣಗಿಸಿದರೆ, ಆ ಇದ್ದಿಲು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಾಲ್ಲೂಕಿನ ಕಸ ಇನ್ನೊಂದು ತಾಲ್ಲೂಕಿನ ಔಷಧಿ. ನ್ಯಾಮತಿಯ ಒಬ್ಬ ವೆಲ್ಡಿಂಗ್ ಅಂಗಡಿಯವನು ನನಗೆ ಡ್ರಮ್ಮು ಮಾಡಿಕೊಟ್ಟ. "ಏನ್ ಮೇಡಂ, ಎಂಜಿನಿಯರಿಂಗ್ ಓದಿ ಇದ್ಲು ಸುಡಾಕೆ ಹೊಂಟ್ರಾ?" ಎಂದು ನಕ್ಕ. ಆ ಮಳೆಗಾಲ ಮುಗಿದು ದೀಪಾವಳಿ ಬರುವವರೆಗೂ ಚನ್ನಗಿರಿಯ ಒಂದು ಸುಲಿಯುವ ಶೆಡ್ಡಿನ ಹಿಂದೆ ನಾನು ಇದ್ದಿಲು ಸುಟ್ಟೆ. ಎಷ್ಟು ಸಲ ತಲೆಗೆ ನೀರು ಹಾಕಿಕೊಂಡರೂ ಕೂದಲಿನ ಹೊಗೆ ವಾಸನೆ ಹೋಗುತ್ತಿರಲಿಲ್ಲ.

ನಮ್ಮ ಗೈಡ್ ಜಗಳೂರು ಸೀಮೆಯವರೇ. ಇಡೀ ವಿಭಾಗದಲ್ಲಿ ಅವರು ಬಾಯಿ ಬಿಟ್ಟು ನಕ್ಕಿದ್ದನ್ನು ಕಂಡವರಿಲ್ಲ. ಅಹಂಕಾರ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಒಮ್ಮೆ ಲ್ಯಾಬಿನಲ್ಲಿ ನನ್ನ ಮೊದಲ ಇದ್ದಿಲು ಸರಿಯಾಗಿ ಕೆಲಸ ಮಾಡಿದ ದಿನ ಅವರು ಮೈಮರೆತು ನಕ್ಕುಬಿಟ್ಟರು. ಆಗ ಕಂಡೆ, ಹಲ್ಲೆಲ್ಲ ಕಂದು, ಅಲ್ಲಲ್ಲಿ ಸಣ್ಣ ಗುಳಿ. ತಕ್ಷಣ ತುಟಿ ಮುಚ್ಚಿಕೊಂಡರು. "ನಮ್ಮಪ್ಪ ಕಡೆಗಾಲದಾಗೆ ನೆಲ ನೋಡ್ಕಂಡೇ ಓಡಾಡ್ತಿದ್ದ, ಕತ್ತು ಎತ್ತಾಕೆ ಬರ್ತಿರ್ಲಿಲ್ಲ" ಎಂದರು. ಆ ಮನುಷ್ಯನನ್ನು ಕೆಟ್ಟವನೆಂದು ಯಾರೂ ತಿಳಿಯಬಾರದು. ನನಗೆ ಈಗಲೂ ಅವರ ಮೇಲೆ ಗೌರವ ಇದೆ. ಗೌರವ ಇರುವವರ ಮಾತಿಗೇ ನಾವು ಹೆಚ್ಚು ಸುಲಭವಾಗಿ ತಲೆಯಾಡಿಸುತ್ತೇವೆ.

ಅವರೇ ಒಂದು ಹಳ್ಳಿ ತೋರಿಸಿದರು. ಜಗಳೂರಿನಿಂದ ಮುಂದೆ, ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ತಿರುಗುವುದು ಕಾಣುವ ಕಡೆ. ಹೆಸರು ಬೇಡ. ಅಲ್ಲಿ ಒಂದು ಕೇರಿಯ ಎಂಟು ಮನೆಗಳಿಗೆ ಸೇರಿ ಒಂದು ಫಿಲ್ಟರು ಇಡುವುದೆಂದಾಯಿತು. ಹನುಮಕ್ಕನ ಅಂಗಳದಲ್ಲಿ ನೆರಳಿತ್ತು, ಹಾಗಾಗಿ ಅಲ್ಲೇ ಇಟ್ಟೆವು. ಹನುಮಕ್ಕನಿಗೆ ವಯಸ್ಸು ಐವತ್ತೈದು ದಾಟಿರಲಿಲ್ಲ, ಆದರೆ ನೋಡಿದವರು ಎಪ್ಪತ್ತು ಎನ್ನುತ್ತಿದ್ದರು. ಮೊಣಕಾಲು ಎರಡೂ ಒಳಗೆ ಬಾಗಿದ್ದವು. ಬೆಳಿಗ್ಗೆ ಜಗುಲಿಯ ಮೇಲೆ ಕೂತರೆ ಸಂಜೆಯವರೆಗೂ ಅಲ್ಲೇ. ಕಾಲು ಓಡದಿದ್ದರೂ ಕಣ್ಣು, ನಾಲಿಗೆ ಎರಡೂ ಊರೆಲ್ಲ ಓಡಾಡುತ್ತಿದ್ದವು. ಮಗ ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಊರೂರು ತಿರುಗುತ್ತಿದ್ದ, ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮನೆಯಲ್ಲಿ ಉಳಿದವರು ಹನುಮಕ್ಕ, ಅವಳ ಸೊಸೆ ರೇಣುಕಾ, ಮತ್ತು ಒಂದು ಎಮ್ಮೆ.

ರೇಣುಕಾ ಆ ವರ್ಷವೇ ಮದುವೆಯಾಗಿ ಬಂದವಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಎಮ್ಮೆ ಅವಳ ಜೊತೆ ತವರಿನಿಂದ ಬಳುವಳಿಯಾಗಿ ಬಂದದ್ದು. ಹೆಸರು ಚಂದ್ರಿ. ಹಣೆಯ ಮೇಲೆ ಬಿಳಿ ಚುಕ್ಕೆ. ಆ ಮನೆಯಲ್ಲಿ ರೇಣುಕಾಳ ಮಾತಿಗೆ ಇನ್ನೂ ಬೆಲೆ ಬಂದಿರಲಿಲ್ಲ, ಚಂದ್ರಿಯ ಹಾಲಿಗೆ ಬಂದಿತ್ತು. "ಸೊಸೆ ಬಂದ್ಲು ಅನ್ನದಕ್ಕಿಂತ ಎಮ್ಮೆ ಬಂತು ಅನ್ರಿ. ಎಮ್ಮೆ ಹಿಂದೆ ಇಕಿ ಬಂದ್ಲು" ಎಂದು ಹನುಮಕ್ಕ ಎಲ್ಲರೆದುರು ಹೇಳಿ ನಗುತ್ತಿದ್ದಳು. ರೇಣುಕಾಳೂ ನಗುತ್ತಿದ್ದಳು. ಬೇಸರವಾಗಲ್ವಾ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, "ಚಂದ್ರಿ ಚೆನ್ನಾಗಿದ್ರೆ ನಾನೂ ಚೆನ್ನಾಗಿರ್ತೀನಿ ಬಿಡ್ರಕ್ಕಾ" ಎಂದಳು.

ಮೊದಲ ದಿನವೇ ನಾನು ಒಂದು ಪಾಠ ಕಲಿಯಬೇಕಿತ್ತು. ರೇಣುಕಾ ಲೋಟದಲ್ಲಿ ನೀರು ತಂದುಕೊಟ್ಟಳು. ಆ ನೀರಿನ ಗುಣ ಗೊತ್ತಿದ್ದ ನಾನು ಎರಡು ಗುಟುಕು ಕುಡಿದು ಉಳಿದದ್ದನ್ನು ನಮ್ಮ ಮನೆಯ ಅಭ್ಯಾಸದಂತೆ ಅಂಗಳಕ್ಕೆ ಎರಚಲು ಕೈ ಎತ್ತಿದೆ. "ಅಯ್ಯಯ್ಯೋ ಮೇಡಮ್ಮಾರೇ!" ಎಂದು ಹನುಮಕ್ಕ ಕೂಗಿದ ರಭಸಕ್ಕೆ ಲೋಟ ಕೈಯಿಂದ ಬೀಳುವುದರಲ್ಲಿತ್ತು. ರೇಣುಕಾ ಓಡಿ ಬಂದು ಲೋಟ ಇಸಿದುಕೊಂಡು, ಗೋಡೆಯ ಪಕ್ಕದ ಕಲ್ಲಿನ ಬಾನಿಗೆ ಸುರಿದಳು. ಅದು ಕಲಗಚ್ಚಿನ ಬಾನಿ. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ಮೊದಲ ನೀರು, ಹುಳಿಯಾದ ಅಂಬಲಿ, ಕುಡಿದುಳಿದ ಗುಟುಕು, ಎಲ್ಲವೂ ಅದಕ್ಕೆ. ಸಂಜೆ ಒಂದು ಹಿಡಿ ಬೂಸ ಕಲಸಿ ಚಂದ್ರಿಗೆ. ಸ್ನಾನದ ನೀರು ಕೂಡ ಆ ಮನೆಯಲ್ಲಿ ಸುಮ್ಮನೆ ಹರಿಯುತ್ತಿರಲಿಲ್ಲ, ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ಇದೆಲ್ಲ ಕಣ್ಣಾರೆ ನೋಡಿದೆ. ನೋಡಿ, ಚೆನ್ನಾಗಿದೆ ಎಂದುಕೊಂಡು, ನನ್ನ ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಟ್ಟೆ.

ಫಿಲ್ಟರು ಬಂತು. ಎರಡು ನೀಲಿ ಪಿಪಾಯಿ, ಒಂದರ ಮೇಲೊಂದು, ನಡುವೆ ನನ್ನ ಇದ್ದಿಲು. ಮೊದಲ ವಾರ ನೀರಿಗೆ ಹೊಗೆಯ ರುಚಿ ಇತ್ತು. "ಸುಡುಗಾಡು ನೀರು ಕುಡ್ಸಾಕೆ ಬಂದೀರೇನವ್ವಾ?" ಎಂದಳು ಹನುಮಕ್ಕ. ಆಮೇಲೆ ಸರಿಹೋಯಿತು. ಹದಿನೈದು ದಿನಕ್ಕೊಮ್ಮೆ ಇದ್ದಿಲು ತುಂಬಿಹೋಗುತ್ತದೆ, ಇನ್ನು ಫ್ಲೋರೈಡು ಹಿಡಿಯಲು ಅದರಲ್ಲಿ ಜಾಗ ಇರುವುದಿಲ್ಲ. ಆಗ ಅದನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆಯಬೇಕು, ಆಮೇಲೆ ಬರೀ ನೀರಿನಲ್ಲಿ ಮೂರು ಸಲ. ಹಾಗೆ ತೊಳೆದರೆ ಹಿಡಿದಿಟ್ಟದ್ದನ್ನೆಲ್ಲ ಇದ್ದಿಲು ಬಿಟ್ಟುಕೊಡುತ್ತದೆ. ಅಂದರೆ ಎಂಟು ಮನೆಯವರು ಹದಿನೈದು ದಿನ ಕುಡಿಯಬೇಕಿದ್ದ ವಿಷವೆಲ್ಲ ಏಳೆಂಟು ಬಿಂದಿಗೆ ನೀರಿನಲ್ಲಿ ಒಟ್ಟಾಗುತ್ತದೆ. ಸೋಡಾ ನೀರನ್ನು ಕ್ಯಾನಿನಲ್ಲಿ ತುಂಬಿ ಲ್ಯಾಬಿಗೆ ತರುವುದು, ಉಳಿದದ್ದನ್ನು ಹಿತ್ತಲಲ್ಲಿ ತೋಡಿದ ಗುಂಡಿಗೆ ಹಾಕುವುದು, ಇದು ನಮ್ಮ ವ್ಯವಸ್ಥೆ. ತೊಳೆಯುವ ಕೆಲಸ ರೇಣುಕಾಳಿಗೆ ಕಲಿಸಿದೆ. ಕೈಗೆ ರಬ್ಬರ್ ಗವಸು ಕೊಟ್ಟೆ. ಚುರುಕಿನ ಹುಡುಗಿ, ಒಂದೇ ಸಲಕ್ಕೆ ಕಲಿತಳು.

"ಈ ನೀರು ಗುಂಡಿಗೆ ಯಾಕಕ್ಕಾ? ತಿಳಿಯಾಗೈತೆ, ಒಳ್ಳೇದೇ ಐತಲ್ಲ" ಎಂದು ಕೇಳಿದಳು.

"ಅದು ಕೆಲಸಕ್ಕೆ ಬರಲ್ಲ ರೇಣುಕಾ, ಸೋಡಾ ಇರುತ್ತೆ. ಚೆಲ್ಲಿಬಿಡು" ಎಂದೆ.

ವಿಷ ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಹಿಂದಿನ ದಿನವಷ್ಟೇ ಗೈಡ್ ಸರ್ ಎಚ್ಚರಿಸಿದ್ದರು. "ನಮ್ಮ ಜನ ನಂಗೆ ಗೊತ್ತು. ಪಿಪಾಯಿ ಒಳಗೆ ವಿಷ ಐತೆ ಅಂತ ಒಂದು ಮಾತು ಕಿವಿಗೆ ಬಿದ್ರೆ ಆ ನೀರು ಒಬ್ಬರೂ ಮುಟ್ಟಲ್ಲ. ಮತ್ತೆ ಬೋರಿನ ನೀರಿಗೇ ಹೋಗ್ತಾರೆ." ಅವರ ಮಾತು ಸುಳ್ಳಾಗಿರಲಿಲ್ಲ. ನನಗೂ ಒಪ್ಪಿಗೆಯಾಗಿತ್ತು.

ಮೊದಲ ಸಲ ಗುಂಡಿಗೆ ಹಾಕಿದ್ದು ನನ್ನೆದುರಿಗೇ. ರೇಣುಕಾ ಬಿಂದಿಗೆ ಬಗ್ಗಿಸುತ್ತಿದ್ದಂತೆ ಜಗುಲಿಯ ಮೇಲಿಂದ ಹನುಮಕ್ಕನ ಸಹಸ್ರನಾಮ ಶುರುವಾಯಿತು. "ನಿಮ್ಮಪ್ಪನ ಮನ್ಯಾಗೆ ಕೆರೆ ಐತೇನೇ? ನಾನು ಈ ಕಾಲಿಟ್ಕಂಡು ಎಷ್ಟು ವರ್ಷ ಹೊತ್ತೀನಿ ಗೊತ್ತೈತಾ ಆ ನೀರು?" ನಾನು ಮಧ್ಯೆ ಬಾಯಿ ಹಾಕಿ, "ಹನುಮಕ್ಕಾ, ನಾನೇ ಹೇಳಿದ್ದು" ಎಂದೆ. ಅವಳು ನನ್ನ ಕಡೆ ತಿರುಗಿ, "ನೀವು ಹೊಳೆ ದಂಡ್ಯಾಗೆ ಹುಟ್ಟಿದೋರು ಮೇಡಮ್ಮಾರೆ, ನಿಮಗೆ ಬಿಡ್ರಿ" ಎಂದಳು. ನಾನು ನಕ್ಕೆ. ರೇಣುಕಾ ನಗಲಿಲ್ಲ, ಬಿಂದಿಗೆಯ ತಳದಲ್ಲಿ ಉಳಿದಿದ್ದ ಎರಡು ಗುಟುಕು ನೀರನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.

ಆ ಚಳಿಗಾಲ ನನ್ನ ಬದುಕಿನ ಒಳ್ಳೆಯ ದಿನಗಳು ಎಂದರೆ ಈಗ ನಾಚಿಕೆಯಾಗುತ್ತದೆ. ಆದರೆ ನಿಜ. ಪ್ರತಿ ಸಲ ಬಾಟಲಿಯಲ್ಲಿ ತಂದ ನೀರಿನ ಫಲಿತಾಂಶ ಚೆನ್ನಾಗಿ ಬರುತ್ತಿತ್ತು. ಮೆಕ್ಕೆಜೋಳ ಕೊಯ್ದ ಹೊಲಗಳು ಬೋಳಾಗಿ, ಬೆಳಗಿನ ಗಾಳಿ ಕೊರೆಯುತ್ತಿತ್ತು. ಪಕ್ಕದ ಕೇರಿಯವರೂ ಬಿಂದಿಗೆ ಹಿಡಿದು ಬರತೊಡಗಿದರು. ಹೋದಾಗಲೆಲ್ಲ ರೇಣುಕಾ ಚಂದ್ರಿಯ ಹಾಲಿನ ಚಹಾ ಮಾಡಿಕೊಡುತ್ತಿದ್ದಳು. ನಡುವೆ ಒಂದು ಸಣ್ಣ ತಾಪತ್ರಯ ಬಂತು. ಸೋಡಾ ನೀರಿನ ಕ್ಯಾನು ಹತ್ತಿಸಿಕೊಳ್ಳಲು ಬಸ್ಸಿನವರು ತಕರಾರು ಮಾಡಿದರು, ಒಂದು ಸಲ ಅದು ಸೋರಿ ಯಾರದೋ ಚೀಲ ಸುಟ್ಟಿತು. ಜೀಪು ಕೇಳಿದರೆ ಕಾಲೇಜಿನಲ್ಲಿ ಇಲ್ಲ ಎಂದರು. "ಅದನ್ನೂ ಗುಂಡಿಗೇ ಹಾಕಿಬಿಡು ರೇಣುಕಾ" ಎಂದುಬಿಟ್ಟೆ. ಸಂಕ್ರಾಂತಿಯಿಂದ ಈಚೆಗೆ ನಾನು ಹೋಗುವುದೂ ತಿಂಗಳಿಗೊಮ್ಮೆ ಆಯಿತು. ಪ್ರಬಂಧ ಬರೆಯುವುದಿತ್ತು.

ಸಂಕ್ರಾಂತಿಯ ಹೊತ್ತಿಗೇ ಚಂದ್ರಿ ಮುಂಗಾಲು ಎತ್ತೆತ್ತಿ ಹಾಕುತ್ತಿತ್ತು. ಕಲ್ಲು ತಾಗಿರಬೇಕು ಎಂದರು. ಶಿವರಾತ್ರಿಯ ಹಿಂದಿನ ದಿನ ನಾನು ಹೋದಾಗ ಅದರ ಪಕ್ಕೆಲುಬು ಎಣಿಸಬಹುದಿತ್ತು. ಮೇವಿಗೆ ಬಾಯಿ ಹಾಕದೆ ಜೊಲ್ಲು ಸುರಿಸುತ್ತ ನಿಂತಿತ್ತು. ಹಾಲು ಅರ್ಧಕ್ಕೆ ಇಳಿದಿತ್ತು. ರೇಣುಕಾಳ ಮುಖವೂ ಇಳಿದಿತ್ತು. "ಡಾಕ್ಟ್ರು ಬಂದು ಸೂಜಿ ಹಾಕಿ ಹೋದ್ರಕ್ಕಾ, ಈ ಸೀಮೆ ನೀರಿನ ಗುಣ ಅಂದ್ರು. ಇಲ್ಲಿ ದನಕ್ಕೆಲ್ಲ ಒಂದೀಟು ಇರ್ತೈತಂತೆ. ನಮ್ಮೂರಾಗೆ ಹಿಂಗೆ ಇರ್ಲಿಲ್ಲ ಇದು" ಎಂದಳು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಗುಂಡಿ ನೋಡಿದೆ. ಅದರ ತಳ ಬಿರುಕು ಬಿಟ್ಟಿತ್ತು. ಅಂಚಿನಿಂದ ಅಂಚಿಗೆ ಜೇಡ ಬಲೆ ಕಟ್ಟಿತ್ತು. ತಿಂಗಳುಗಟ್ಟಲೆ ಅದಕ್ಕೆ ಒಂದು ಚೊಂಬು ನೀರೂ ಬಿದ್ದಿರಲಿಲ್ಲ. ತಿರುಗಿ ಬರುವಾಗ ಬಾನಿಯ ಹತ್ತಿರ ಬಗ್ಗಿ, ಯಾರೂ ನೋಡದಂತೆ, ಸ್ಯಾಂಪಲ್ ಬಾಟಲಿಯಲ್ಲಿ ಕಲಗಚ್ಚು ತುಂಬಿಕೊಂಡೆ.

ಅಂಗಳಕ್ಕೆ ಬಂದು ಸಹಜವಾಗಿಯೇ ಎಂಬಂತೆ ಕೇಳಿದೆ. "ತೊಳೆದ ನೀರು ಗುಂಡಿಗೇ ಹಾಕ್ತಿದೀಯಲ್ಲ ರೇಣುಕಾ?"

ಅವಳು ಒಂದು ಸಲ ಜಗುಲಿಯ ಕಡೆ ನೋಡಿದಳು. ಅತ್ತೆ ಹೂಬತ್ತಿ ಹೊಸೆಯುತ್ತ ಕೂತಿದ್ದಳು. "ಹೂನಕ್ಕಾ, ಗುಂಡಿಗೇ" ಎಂದಳು.

ಅವಳು ಹೇಳಿದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲೇ, ಆ ಕ್ಷಣದಲ್ಲೇ, ಬಾನಿ ಬೋರಲು ಹಾಕಿ, "ಇದು ವಿಷ ಕಣೇ" ಎಂದು ಕೂಗಿಬಿಡಬೇಕಿತ್ತು. ಲ್ಯಾಬಿನಲ್ಲಿ ನೋಡಿ ಖಚಿತ ಮಾಡಿಕೊಂಡು ಹೇಳೋಣ ಎಂದುಕೊಂಡೆ. ಓದಿದವರ ಹೇಡಿತನಕ್ಕೆ ಇಂಥ ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆ.

ಲ್ಯಾಬಿನಲ್ಲಿ ಖಚಿತವಾಯಿತು. ಹುಳಿ ಕಲಗಚ್ಚು ಸೋಡಾದ ಉರಿಯನ್ನು ಮುರಿದಿತ್ತು, ಅದಕ್ಕೇ ಎಮ್ಮೆ ಮುಖ ತಿರುಗಿಸದೆ ಕುಡಿದಿತ್ತು. ಫ್ಲೋರೈಡು ಮಾತ್ರ ಹಾಗೇ ಇತ್ತು. ಕಾಗದ ಹಿಡಿದು ಸರ್ ಕೋಣೆಗೆ ಹೋದೆ. ಅವರು ಬಹಳ ಹೊತ್ತು ಆ ಕಾಗದವನ್ನೇ ನೋಡಿದರು.

"ಮನುಷ್ಯರು ಯಾರಾದ್ರೂ ಕುಡಿದಾರಾ?"

"ಇಲ್ಲ ಸರ್, ಎಮ್ಮೆ."

ಅವರು ಉಸಿರು ಬಿಟ್ಟರು. "ಮುಂದಿನ ತಿಂಗಳು ದುಡ್ಡು ಮಂಜೂರು ಮಾಡೋ ಸಮಿತಿಯೋರು ನೋಡಾಕೆ ಬರ್ತಾರೆ. ಒಪ್ಪಿಗೆ ಆದ್ರೆ ನಲವತ್ತು ಹಳ್ಳಿಗೆ ಫಿಲ್ಟರು. ನಲವತ್ತು ಹಳ್ಳಿ ಮಕ್ಕಳು, ತಿಳೀತಾ? ಈಗ ಹೋಗಿ ವಿಷ ಗಿಷ ಅಂದ್ರೆ ನಾಳೆ ಪೇಪರ್‌ನಾಗೆ ಬರ್ತೈತೆ, ಅಲ್ಲಿಗೆ ಮುಗೀತು. ಒಂದು ತಿಂಗಳು ತಡ್ಕೋ. ಆಮೇಲೆ ತೊಳೆಯೋ ಕೆಲಸ ನಾವೇ ಮಾಡೋಣ. ಆ ಮನೆಗೆ ಬೇರೆ ಎಮ್ಮೆ ಕೊಡ್ಸೋಣ, ನಾನೇ ಕೊಡ್ಸ್ತೀನಿ." ಮಾತಾಡುತ್ತ ಅವರ ತುಟಿ ಪೂರ್ತಿ ತೆರೆದಿತ್ತು, ಆ ಹಲ್ಲು ಕಾಣುತ್ತಿತ್ತು. ಆ ಹಲ್ಲನ್ನು ನೋಡಿ ಎದುರು ಮಾತಾಡಲು ನನಗೆ ಆಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಪ್ರಬಂಧವೂ ಮೇಜಿನ ಮೇಲೆ ಮುಕ್ಕಾಲು ಮುಗಿದು ಕೂತಿತ್ತು. ನನಗೆ ಅದು ಬೇಕಿತ್ತು.

ತಡೆದುಕೊಂಡೆ. ಒಂದು ತಿಂಗಳು. ಅಷ್ಟರಲ್ಲಿ ಎರಡು ಸಲ ಫಿಲ್ಟರು ತೊಳೆಯುವ ದಿನ ಬಂತು. ಎರಡೂ ದಿನ ನಾನೇ ಹೋಗಿ ತೊಳೆದು ಬರಬಹುದಿತ್ತು, ಬಸ್ಸಿಗೆ ನಾಲ್ಕು ಗಂಟೆಯ ದಾರಿ. ಹೋಗಲಿಲ್ಲ. ಫೋನು ಮಾಡಿ, "ತೊಳೆಯೋದು ಸ್ವಲ್ಪ ದಿನ ನಿಲ್ಸು" ಎಂದೆ. "ಇಲ್ರಕ್ಕಾ, ನೀರು ಕಟ್ಕಂಡು ಸಣ್ಣಗೆ ಬರಾಕತ್ತೈತೆ, ಕೇರಿಯೋರು ಬೈತಾರೆ, ತೊಳಿತೀನಿ" ಎಂದಳು. "ಗುಂಡಿಗೆ ಹಾಕು" ಎಂದೆ. "ಹೂನಕ್ಕಾ" ಎಂದಳು. ಫೋನಿನ ಆ ಕಡೆಯಿಂದ ಹನುಮಕ್ಕ ಕೆಮ್ಮುವುದು ಕೇಳಿಸಿತು.

ಯುಗಾದಿ ಕಳೆದ ನಾಲ್ಕನೆಯ ದಿನ ಸಮಿತಿ ಬರುವುದಿತ್ತು. ನಾನು ಒಂದು ದಿನ ಮುಂಚೆ ಹೋದೆ. ಅಂಗಳದಲ್ಲಿ ಜನ ಇದ್ದರು. ಚಂದ್ರಿ ನೆಲಕ್ಕೆ ಬಿದ್ದು ಮೂರು ದಿನವಾಗಿತ್ತಂತೆ, ಆ ಬೆಳಿಗ್ಗೆ ಪ್ರಾಣ ಹೋಗಿತ್ತು. ಹೊಟ್ಟೆಯಲ್ಲಿ ಕರುವೂ ಇತ್ತು. ಬಿಸಿಲಿಗೆ ಆಗಲೇ ನೊಣ ಮುತ್ತಿದ್ದವು, ನಾಲ್ಕು ಜನ ಹಗ್ಗ ಹಾಕುತ್ತಿದ್ದರು. ರೇಣುಕಾ ಎಮ್ಮೆಯ ಕಿವಿಯ ಹತ್ತಿರ ಕೂತು ಅದರ ಹಣೆಯ ಬಿಳಿ ಚುಕ್ಕೆಯನ್ನು ಸವರುತ್ತಿದ್ದಳು. ಜಗುಲಿಯ ಮೇಲಿಂದ ಹನುಮಕ್ಕ ಅಳುತ್ತಲೇ ಬೈಯುತ್ತಿದ್ದಳು. "ಇಕಿ ಕಾಲ್ಗುಣ! ನನ್ನ ಮಗ ಮನ್ಯಾಗೆ ನಿಲ್ಲಂಗಿಲ್ಲ, ಇಕಿ ಬಸುರಾಗಂಗಿಲ್ಲ, ಈಗ ಬಾಯಿಲ್ದ ಜೀವಾನೂ ನುಂಗಿದ್ಲು!"

ಅಲ್ಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಇಲ್ಲ ಎನ್ನಲಿಲ್ಲ. ನಾನೂ ಎನ್ನಲಿಲ್ಲ. ಕಾಲ್ಗುಣ ಎಂಬ ಮಾತಿಗೆ ಉತ್ತರ ಆ ಅಂಗಳದಲ್ಲಿ ಇದ್ದದ್ದು ನನ್ನೊಬ್ಬಳ ಹತ್ತಿರ. ನನ್ನ ಬ್ಯಾಗಿನ ಒಳಜೇಬಿನಲ್ಲಿ ಮಡಿಸಿಟ್ಟ ಕಾಗದದಲ್ಲಿ ಅದು ಇತ್ತು. ಕೈ ಬ್ಯಾಗಿನ ಮೇಲೇ ಇತ್ತು. ರೇಣುಕಾ ತಲೆ ಎತ್ತಿ ನನ್ನನ್ನು ನೋಡಿದಳು, ಯಾಕೋ ತಕ್ಷಣ ಕಣ್ಣು ತಗ್ಗಿಸಿದಳು. ನಾನು ಪಿಪಾಯಿಯಿಂದ ಸ್ಯಾಂಪಲ್ ಬಾಟಲಿ ತುಂಬಿಕೊಂಡು ಹೊರಟೆ.

ಮಾರನೆಯ ದಿನ ಸಮಿತಿಯವರು ನಮ್ಮ ಜೊತೆ ಬಂದು ಪಿಪಾಯಿಯ ನೀರು ಕುಡಿದು ಚೆನ್ನಾಗಿದೆ ಎಂದರು. ಅವರಿಗೆ ನೀರು ಬಗ್ಗಿಸಿಕೊಟ್ಟವಳು ಪಕ್ಕದ ಮನೆಯ ಹೆಂಗಸು. ರೇಣುಕಾಳನ್ನು ಬೆಳಗಿನ ಬಸ್ಸಿಗೇ ತವರಿಗೆ ಕಳಿಸಿಬಿಟ್ಟಿದ್ದರು. ಬರುವಾಗ ಎಮ್ಮೆ ಹಿಡಿದುಕೊಂಡು ಬಂದವಳು ಹೋಗುವಾಗ ಒಂದು ಬ್ಯಾಗು ಹಿಡಿದುಕೊಂಡು ಹೋದಳು ಎಂದು ಆ ಹೆಂಗಸೇ ನನಗೆ ಪಿಸುಗುಟ್ಟಿದ್ದು. ನಲವತ್ತು ಹಳ್ಳಿಯ ಮಾತು ಏನಾಯಿತೋ ಗೊತ್ತಿಲ್ಲ, ಯಾವ ಕಡತದ ಕೆಳಗೋ ಹೋಯಿತು. ಬೇಸಿಗೆ ಮುಗಿಯುವುದರೊಳಗೆ ಸರ್ ಬೇರೆ ಊರಿಗೆ ಹೋದರು. ಬೇರೆ ಎಮ್ಮೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ. ನನ್ನ ಪ್ರಬಂಧದಲ್ಲಿ ಒಂದು ಸಾಲು ಇದೆ. 'ತೊಳೆದ ನೀರನ್ನು ಸುರಕ್ಷಿತವಾಗಿ ವಿಲೇವಾರಿ ಮಾಡಲಾಯಿತು.' ಯಾರು ಮಾಡಿದರು, ಎಲ್ಲಿಗೆ ಮಾಡಿದರು ಎಂದು ಪರೀಕ್ಷಕರು ಕೇಳಲಿಲ್ಲ. ಅಂಥ ವಾಕ್ಯ ಬರೆಯುವುದನ್ನು ಈಗ ನಾನೇ ಹುಡುಗರಿಗೆ ಕಲಿಸುತ್ತೇನೆ.

ಏಳು ವರ್ಷದ ಮೇಲೆ ಆ ಊರಿಗೆ ನಾನು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ಗುಡ್ಡದ ಮೇಲೆ ಫ್ಯಾನುಗಳು ಹೆಚ್ಚಾಗಿದ್ದವು. ಕೇರಿಯ ತುದಿಯಲ್ಲಿ ಶುದ್ಧ ನೀರಿನ ಘಟಕದ ಗೂಡು ನಿಂತಿತ್ತು, ಬಾಗಿಲಿಗೆ ಬೀಗ. ಹನುಮಕ್ಕನ ಜಗುಲಿ ಖಾಲಿಯಾಗಿತ್ತು. ಒಳಗಿನಿಂದ ಬಂದವಳು ರೇಣುಕಾ. ದಪ್ಪಗಾಗಿದ್ದಳು, ಎಡಗಾಲನ್ನು ಸ್ವಲ್ಪ ಸೆಟೆದ ಹಾಗೆ ಎತ್ತಿಡುತ್ತಿದ್ದಳು. "ಅಯ್ಯೋ ಅಕ್ಕಾ, ನೀವಾ! ಬರ್ರಿ, ಕುಂದರ್ರಿ" ಎಂದು ಎರಡೂ ಕೈ ಹಿಡಿದುಕೊಂಡಳು. ಚಾಪೆ ಹಾಸಿ ಲೋಟದಲ್ಲಿ ನೀರು ತಂದಳು. ಅತ್ತೆ ಹಾಸಿಗೆ ಹಿಡಿದ ಮೇಲೆ ನೋಡಿಕೊಳ್ಳುವವರಿಲ್ಲದೆ ಒಂದು ವರ್ಷದ ನಂತರ ಇವಳನ್ನು ಕರೆಸಿಕೊಂಡರಂತೆ. ಅತ್ತೆ ಹೋಗಿ ಎರಡು ವರ್ಷವಾಯಿತಂತೆ. ನನ್ನ ನೀಲಿ ಪಿಪಾಯಿಗಳಲ್ಲಿ ಒಂದು ಒಡೆದಿತ್ತು, ಇನ್ನೊಂದರಲ್ಲಿ ಶೇಂಗಾ ತುಂಬಿಟ್ಟಿದ್ದಳು. ಫೋಟೊಗೆ ಒಪ್ಪಿಕೊಂಡಳು. ಮುಖ ತೊಳೆದು ಬರುತ್ತೇನೆ ಎಂದು ಎದ್ದವಳು ಹೋಗದೆ ಮತ್ತೆ ಕೂತಳು.

"ಅಕ್ಕಾ, ನಿಮಗೊಂದು ಮಾತು ಹೇಳ್ಬೇಕು. ಏಳು ವರ್ಷದಿಂದ ಎದಿಯಾಗೆ ಇಟ್ಕಂಡೀನಿ. ಯಾರ ಹತ್ರಾನೂ ಹೇಳಿಲ್ಲ."

ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು.

"ಚಂದ್ರೀನ ಕೊಂದಿದ್ದು ನಾನೇ ಅಕ್ಕಾ. ನೀವು ಆ ನೀರು ಗುಂಡಿಗೆ ಹಾಕು ಅಂತ ಹೇಳಿದ್ರಿ, ಎಷ್ಟು ಸಲ ಹೇಳಿದ್ರಿ. ನಾನು ಹಾಕ್ಲಿಲ್ಲ. ಅತ್ತೆ ಬಾಯಿಗೆ ಹೆದ್ರಿ ಬಾನಿಗೆ ಹಾಕ್ದೆ. ಉಪ್ಪುಪ್ಪು ಇತ್ತು, ಚಂದ್ರಿ ಇಷ್ಟಪಟ್ಟು ಕುಡೀತಿತ್ತು, ಒಳ್ಳೇದೇ ಆಯ್ತು ಅನ್ಕಂಡೆ. ಸಾಯೋ ದಿನ ನೀವು ಬಂದ್ರಲ್ಲ, ಆಗ ನಿಮ್ಮ ಮುಖ ನೋಡಿದ್ಕೂಡ್ಲೆ ತಿಳೀತು, ನಿಮ್ಮ ಮಾತು ಕೇಳ್ದೆ ಕೆಟ್ಟೆ ಅಂತ. ಅತ್ತೆ ಕಾಲ್ಗುಣ ಅಂದ್ಲು. ಅನ್ಲಿ ಬಿಡು, ತಪ್ಪು ನಂದೇ ಅಲ್ವಾ ಅಂತ ಸುಮ್ಮನಾದೆ. ಅತ್ತೆಗೆ ಸಾಯೋತನಕ ಹೇಳ್ಲಿಲ್ಲ. ನಿಮಗಾದ್ರೂ ಹೇಳ್ಬೇಕು ಅಂತಿದ್ದೆ. ನೀವು ನಂಬಿ ಕೊಟ್ಟ ಕೆಲಸ ಹಾಳು ಮಾಡಿದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಿಡು, ಆಗಿದ್ದು ಆಯ್ತು ಎಂದು ಬೆನ್ನು ತಟ್ಟಿ ಫೋಟೊ ತೆಗೆದುಕೊಂಡು ಬರಬಹುದಿತ್ತು. ಮನಸ್ಸು ಆ ಕಡೆಗೇ ಎಳೆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಬೆಳಿಗ್ಗೆ ಕುಡಿದ ಆ ಹೊಗೆ ಇನ್ನೂ ಗಂಟಲಲ್ಲೇ ಇತ್ತು.

"ರೇಣುಕಾ, ನನಗೆ ಗೊತ್ತಿತ್ತು" ಎಂದೆ.

"ಏನು ಗೊತ್ತಿತ್ತು?"

"ನೀನು ಬಾನಿಗೆ ಹಾಕ್ತಿದ್ದೆ ಅಂತ. ಗುಂಡಿ ಒಣಗಿತ್ತು, ನೋಡಿದ್ದೆ. ಬಾನಿ ನೀರು ತಗೊಂಡು ಹೋಗಿ ಪರೀಕ್ಷೆನೂ ಮಾಡಿದ್ದೆ. ಅದರಲ್ಲಿ ವಿಷ ಇತ್ತು. ಮೊದಲಿಂದ್ಲೂ ಇತ್ತು, ನಿನಗೆ ಹೇಳಲಿಲ್ಲ ಅಷ್ಟೆ. ಹೇಳಿದ್ರೆ ನೀವ್ಯಾರೂ ಫಿಲ್ಟರ್ ನೀರು ಕುಡಿಯಲ್ಲ ಅಂತ ಹೇಳಲಿಲ್ಲ."

ಹೊರಗೆ ಯಾರದೋ ಬೈಕು ಹೋಯಿತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಶಿವರಾತ್ರಿ ಹೊತ್ತಿಗೆ."

"ಚಂದ್ರಿ ಸತ್ತಿದ್ದು ಯುಗಾದಿ ಆದ್ಮೇಲೆ" ಎಂದಳು ರೇಣುಕಾ. ದನಿ ಏರಲಿಲ್ಲ. ಲೆಕ್ಕ ಸರಿಯಿದೆಯೇ ಎಂದು ತನಗೆ ತಾನೇ ಕೇಳಿಕೊಂಡ ಹಾಗಿತ್ತು. "ಒಂದು ತಿಂಗಳು ಐತೆ ಮಧ್ಯಾಗೆ."

"ಹೌದು" ಎಂದೆ.

ನನ್ನೆದುರಿನ ಲೋಟದಲ್ಲಿ ನಾನು ಕುಡಿದುಳಿದ ಮುಕ್ಕಾಲು ನೀರು ಇತ್ತು. ರೇಣುಕಾ ಅದನ್ನು ತೆಗೆದುಕೊಂಡು ನಿಧಾನವಾಗಿ ಎದ್ದಳು. ಅವಳು ಬಾನಿಯ ಕಡೆಗೆ ಹೋಗುತ್ತಾಳೆ ಎಂದುಕೊಂಡೆ. ಬಾನಿ ಹೊರಗೆ ಗೋಡೆಯ ಪಕ್ಕ ಇತ್ತು, ಮೊದಲಿದ್ದ ಜಾಗದಲ್ಲೇ. ಅದನ್ನು ದಾಟಿ ಅಂಗಳದ ನಡುವಿಗೆ ಹೋಗಿ, ನನ್ನ ಕಡೆ ತಿರುಗದೆ, ಲೋಟದ ನೀರನ್ನು ಬಿಸಿಲಿಗೆ ಕಾದ ನೆಲಕ್ಕೆ ಎರಚಿದಳು. ಆ ಮನೆಯಲ್ಲಿ ಕುಡಿಯುವ ನೀರು ಚೆಲ್ಲಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಆಮೇಲೆ ಒಳಗೆ ಬಂದು ಲೋಟವನ್ನು ಬೋರಲು ಹಾಕಿ, ನಾನು ಏಳುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದಳು.